ಲೆಕ್ಕದ ಹೆಜ್ಜೆಯನ್ನು ಕಾಂಕ್ರೀಟೇ ಅಳೆಯಲಿ

ಮೂರು ಮೀಟರ್ ದಪ್ಪದ ಸೇತುವೆ ಪಿಯರ್ (ಕಂಬ) ಒಂದನ್ನು ಹಾಕಿ ಮೂರ್ನಾಲ್ಕು ದಿನವಾದರೆ ಸಾಕು, ಸೈಟಿನಿಂದ ಫೋನ್ ಬರುತ್ತದೆ. "ಮೇಡಂ, ಶಟರಿಂಗ್ ಯಾವಾಗ ಬಿಚ್ಚಬಹುದು?" ಶಟರಿಂಗ್ ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹಿಡಿದಿಡುವ ಹಲಗೆಯ ಅಚ್ಚು. ಬೆಂಗಳೂರಿನ ಒಂದು ಸಣ್ಣ ಕನ್ಸಲ್ಟಿಂಗ್ ಆಫೀಸಿನಲ್ಲಿ ಕೂತು ಇದಕ್ಕೆ ಉತ್ತರ ಹುಡುಕುವುದು ನನ್ನ ಕೆಲಸ. ಅಡಿಪಾಯದ ರಾಫ್ಟ್, ಪೈಲ್ ಕ್ಯಾಪ್, ಮೇಲಿನ ಪಿಯರ್, ಹೀಗೆ ದಪ್ಪ ಕಾಂಕ್ರೀಟ್ ಎಲ್ಲಿದೆಯೋ ಅಲ್ಲಿ ಒಳಗಿನ ಬಿಸಿ ಎಷ್ಟು, ಹೊರಗಿನ ಬಿಸಿ ಎಷ್ಟು, ನಾಳೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕುತ್ತೇನೆ. ಈ ಲೆಕ್ಕದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಭಾಗವಿದೆ: ಕಾಲದಲ್ಲಿ ಮುಂದೆ ಹೋಗುವಾಗ ಎಷ್ಟು ದೊಡ್ಡ ಹೆಜ್ಜೆ ಇಡಬೇಕು ಅನ್ನುವುದನ್ನು ಲೆಕ್ಕವೇ ಆರಿಸಿಕೊಳ್ಳುವುದು. ಅದರ ಬಗ್ಗೆ ಕನ್ನಡದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಮೊದಲು ಕಾಂಕ್ರೀಟಿನ ವಿಷಯ. ಸಿಮೆಂಟಿಗೆ ನೀರು ಸೇರಿದರೆ ಬಿಸಿ ಹುಟ್ಟುತ್ತದೆ. ತೆಳ್ಳಗಿನ ಸ್ಲ್ಯಾಬ್‌ನಲ್ಲಿ ಅದು ಗಾಳಿಗೆ ಹೋಗಿಬಿಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ದಪ್ಪ ಇದ್ದರೆ ಹೋಗಲು ದಾರಿ ಇಲ್ಲ. ಒಂದು ಘನ ಮೀಟರ್ ಕಾಂಕ್ರೀಟಿನಲ್ಲಿ 350 ಕಿಲೋ ಸಿಮೆಂಟ್ ಇದ್ದರೆ, ಬಿಸಿ ಹೊರಗೆ ಹೋಗದ ನಡುಭಾಗ 35ರಿಂದ 45 ಡಿಗ್ರಿಯಷ್ಟು ಏರಬಹುದು. ಸುರಿಯುವಾಗ 30 ಡಿಗ್ರಿ ಇದ್ದದ್ದು 70ರ ಆಸುಪಾಸಿಗೆ ಬಂತು ಅಂತ ಅರ್ಥ. ಬಿಸಿ ಮುದ್ದೆ ಮುರಿದವರಿಗೆ ಇದು ಗೊತ್ತು: ಮೇಲೆ ಕೈಗೆ ತಾಳುವಷ್ಟು ಆರಿರುತ್ತದೆ, ಒಳಗೆ ಬೆರಳಿಟ್ಟರೆ ಸುಡುತ್ತದೆ. ಕಾಂಕ್ರೀಟಿನಲ್ಲಿ ಈ ವ್ಯತ್ಯಾಸ ಜಾಸ್ತಿಯಾದರೆ ಆರಿದ ಹೊರಮೈ ಕುಗ್ಗಲು ನೋಡುತ್ತದೆ, ಬಿಸಿಯಾದ ಒಳಭಾಗ ಕುಗ್ಗಲು ಬಿಡುವುದಿಲ್ಲ, ಮೈ ಬಿರುಕು ಬಿಡುತ್ತದೆ. ಅದಕ್ಕೇ ಸಾಮಾನ್ಯವಾಗಿ ಎರಡು ಮಿತಿ ಇಟ್ಟುಕೊಳ್ಳುತ್ತೇವೆ. ಒಳಭಾಗ 70 ಡಿಗ್ರಿ ದಾಟಬಾರದು, ಒಳಗೂ ಹೊರಗೂ 20 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು.

ಇದನ್ನು ಮೊದಲೇ ಲೆಕ್ಕ ಹಾಕಿ ಹೇಳುವ ಸಮೀಕರಣ ಫೂರಿಯೆ 1822ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ ಉಷ್ಣ ಸಮೀಕರಣ. ಗಣಿತದವರು ಈ ಜಾತಿಯನ್ನು ಪ್ಯಾರಾಬಾಲಿಕ್ ಅನ್ನುತ್ತಾರೆ. ಅದು ಹೇಳುವುದು ಬಹಳ ಸರಳ. ಒಂದು ಬಿಂದು ತನ್ನ ಅಕ್ಕಪಕ್ಕದ ಸರಾಸರಿಗಿಂತ ಬಿಸಿಯಾಗಿದ್ದರೆ ಆರುತ್ತದೆ, ತಣ್ಣಗಿದ್ದರೆ ಬಿಸಿಯಾಗುತ್ತದೆ. ವ್ಯತ್ಯಾಸ ಎಷ್ಟು ದೊಡ್ಡದೋ ಅಷ್ಟು ಬೇಗ. ಕಾಂಕ್ರೀಟಿಗಾದರೆ ಇದರ ಜೊತೆಗೆ ಸಿಮೆಂಟ್ ಹುಟ್ಟಿಸುವ ಬಿಸಿಯನ್ನೂ ಸೇರಿಸಬೇಕು. ಎಷ್ಟು ಬೇಗ ಅನ್ನುವುದನ್ನು ತೀರ್ಮಾನಿಸುವ ಸಂಖ್ಯೆಗೆ ಉಷ್ಣ ವಿಸರಣಾಂಕ ಅನ್ನೋಣ. ಕಾಂಕ್ರೀಟಿಗೆ ಅದು ಸುಮಾರು ಸೆಕೆಂಡಿಗೆ ಒಂದು ಚದರ ಮಿಲಿಮೀಟರ್. ಈ "ಒಂದು" ನನಗೆ ಸಿಕ್ಕ ದೊಡ್ಡ ವರ. ಬಿಸಿ ಎಷ್ಟು ದೂರ ಹೋಗುತ್ತದೆ ಅಂತ ತಿಳಿಯಲು ಸೆಕೆಂಡುಗಳ ವರ್ಗಮೂಲ ತೆಗೆದರೆ ಸಾಕು, ಉತ್ತರ ಮಿಲಿಮೀಟರಿನಲ್ಲಿ ಸಿಗುತ್ತದೆ. ಒಂದು ನಿಮಿಷಕ್ಕೆ 8 ಮಿ.ಮೀ. ಒಂದು ಗಂಟೆಗೆ 60 ಮಿ.ಮೀ. ಒಂದು ದಿನಕ್ಕೆ ಒಂದಡಿಗೆ ಸ್ವಲ್ಪ ಕಡಿಮೆ. ನಮ್ಮ ಪಿಯರಿನ ನಡುಭಾಗ ಮೈಯಿಂದ ಒಂದೂವರೆ ಮೀಟರ್ ಒಳಗಿದೆ. ಅಲ್ಲಿಗೆ ಹೊರಗಿನ ಸುದ್ದಿ ಮುಟ್ಟಲು 26 ದಿನ.

ಈ ನಾಲ್ಕು ಸಂಖ್ಯೆಗಳನ್ನು ನೆನಪಿಡಿ. ಮುಂದಿನ ಕತೆಯೆಲ್ಲ ಅದರಲ್ಲೇ ಇದೆ. ಒಂದೇ ಕಾಂಕ್ರೀಟಿನಲ್ಲಿ ನಿಮಿಷದಲ್ಲಿ ಮುಗಿಯುವ ಘಟನೆಯೂ ಇದೆ, ತಿಂಗಳು ಹಿಡಿಯುವ ಘಟನೆಯೂ ಇದೆ.

ಕಂಪ್ಯೂಟರಿಗೆ ಕೊಡಬೇಕಾದರೆ ಪಿಯರಿನ ದಪ್ಪವನ್ನು ಸಣ್ಣ ತುಂಡುಗಳಾಗಿ ಕತ್ತರಿಸುತ್ತೇವೆ, ಕಾಲವನ್ನೂ ಹೆಜ್ಜೆಗಳಾಗಿ ಕತ್ತರಿಸುತ್ತೇವೆ. ಅತಿ ಸುಲಭದ ದಾರಿ ಇದು: ಈಗಿನ ಬಿಸಿ ಗೊತ್ತಿದೆ, ಅದರಿಂದ ಮುಂದಿನ ಹೆಜ್ಜೆಯ ಬಿಸಿಯನ್ನು ನೇರವಾಗಿ ಲೆಕ್ಕ ಹಾಕು. ನಾಲ್ಕು ಸಾಲಿನ ಪ್ರೋಗ್ರಾಂ. ಆದರೆ ಇದಕ್ಕೊಂದು ಕಟ್ಟುಪಾಡಿದೆ. ಕಾಲದ ಹೆಜ್ಜೆಯು ತುಂಡಿನ ಅಗಲದ ವರ್ಗದ ಅರ್ಧವನ್ನು ವಿಸರಣಾಂಕದಿಂದ ಭಾಗಿಸಿದರೆ ಬರುವುದಕ್ಕಿಂತ ದೊಡ್ಡದಿರಬಾರದು. ದಾಟಿದರೆ ಏನಾಗುತ್ತದೆ? ಹೊಸ ಬಿಸಿಯ ಲೆಕ್ಕದಲ್ಲಿ ಆ ಬಿಂದುವಿನ ಹಳೆಯ ಬಿಸಿಗೆ ಇರುವ ತೂಕ ಋಣವಾಗಿಬಿಡುತ್ತದೆ. ಅಂದರೆ ಈಗ ಎಷ್ಟು ಬಿಸಿ ಇದೆಯೋ ಮುಂದೆ ಅಷ್ಟು ತಣ್ಣಗಾಗು ಅಂತ ಹೇಳಿದ ಹಾಗೆ. ಪರದೆಯ ಮೇಲೆ ಗರಗಸದ ಹಲ್ಲಿನಂಥ ಗೆರೆ ಬರುತ್ತದೆ, ಪ್ರತಿ ಹೆಜ್ಜೆಗೂ ಹಲ್ಲು ಬೆಳೆಯುತ್ತದೆ, ಕೊನೆಗೆ ಕಾಂಕ್ರೀಟ್ ಸೂರ್ಯನಿಗಿಂತ ಬಿಸಿಯಾಗುತ್ತದೆ.

ಒಂದು ಸೆಂಟಿಮೀಟರ್ ತುಂಡಿಗೆ ಈ ಮಿತಿ 50 ಸೆಕೆಂಡ್. 28 ದಿನದ ಲೆಕ್ಕಕ್ಕೆ 48,384 ಹೆಜ್ಜೆ. ಪರವಾಗಿಲ್ಲ, ಇಂದಿನ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವುದರಲ್ಲಿ ಮುಗಿಸುತ್ತದೆ. ಆದರೆ ಮೈ ಹತ್ತಿರ ಒಂದು ಮಿಲಿಮೀಟರ್ ತುಂಡು ಬೇಕು ಅನ್ನಿ. ಮಿತಿ ಅರ್ಧ ಸೆಕೆಂಡಿಗೆ ಇಳಿಯಿತು, ಹೆಜ್ಜೆ 48 ಲಕ್ಷ ದಾಟಿತು. ತುಂಡು ಹತ್ತು ಪಟ್ಟು ಸಣ್ಣದಾದರೆ ಹೆಜ್ಜೆ ನೂರು ಪಟ್ಟು ಜಾಸ್ತಿ. ಬೇಸರದ ಸಂಗತಿ ಏನೆಂದರೆ, ಇಪ್ಪತ್ತನೇ ದಿನ ಪಿಯರಿನಲ್ಲಿ ಏನೂ ನಡೆಯುತ್ತಿಲ್ಲ, ಎಲ್ಲ ನಿಧಾನವಾಗಿ ಆರುತ್ತಿದೆ, ಆಗಲೂ ಅರ್ಧ ಸೆಕೆಂಡಿನ ಹೆಜ್ಜೆಯನ್ನೇ ಇಡಬೇಕು. ನಡೆಯದ ಘಟನೆಗೆ ಯಂತ್ರ ದುಡಿಯುತ್ತಲೇ ಇರಬೇಕು.

ಈ ಮಿತಿ ಗೊತ್ತಾಗುವ ಮೊದಲಿನ ಕಾಲದ ಕತೆ ನನಗೆ ಅಚ್ಚುಮೆಚ್ಚು. ಲೂಯಿಸ್ ಫ್ರೈ ರಿಚರ್ಡ್‌ಸನ್ ಅನ್ನುವ ಇಂಗ್ಲೆಂಡಿನ ವಿಜ್ಞಾನಿ 1910ರಲ್ಲಿ ಒಂದು ದೊಡ್ಡ ಪ್ರಬಂಧ ಬರೆದರು. ವಿಷಯ, ಕಲ್ಲಿನ ಅಣೆಕಟ್ಟಿನ ಒಳಗಿನ ಒತ್ತಡವನ್ನು ಅಂಕಗಣಿತದಿಂದ ಕಂಡುಹಿಡಿಯುವುದು. ಅದು ಮುದ್ರಣವಾದ 1911ರಲ್ಲೇ ನಮ್ಮ ಕನ್ನಂಬಾಡಿಯ ಕೆಲಸ ಶುರುವಾಯಿತು. ಕಲ್ಲು, ಸುರ್ಕಿ ಗಾರೆ. ಕಲ್ಲು ಬಿಸಿ ಹುಟ್ಟಿಸುವುದಿಲ್ಲ, ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ನಿಧಾನವಾಗಿ ಗಟ್ಟಿಯಾಗುತ್ತದೆ. ಹಾಗಾಗಿ ನಾನು ಈಗ ಪಡುವ ಪಾಡು ಅಲ್ಲಿ ಅಷ್ಟಾಗಿ ಇರಲಿಲ್ಲ. ಇರಲಿ, ರಿಚರ್ಡ್‌ಸನ್ ವಿಷಯಕ್ಕೆ ಬರೋಣ. ಅವರು ಹುಡುಗರನ್ನು ಇಟ್ಟುಕೊಂಡು ಲೆಕ್ಕ ಮಾಡಿಸುತ್ತಿದ್ದರು. ಕೂಲಿ ಬಿಂದುವಿಗೆ ಇಷ್ಟು ಪೆನ್ಸ್, ಅದೂ ಸಂಖ್ಯೆಯಲ್ಲಿ ಎಷ್ಟು ಅಂಕಿ ಇವೆ ಅನ್ನುವುದರ ಮೇಲೆ. ತಪ್ಪಾದ ಲೆಕ್ಕಕ್ಕೆ ಕೂಲಿ ಇಲ್ಲ. ಅದೇ ಪ್ರಬಂಧದಲ್ಲಿ ಉಷ್ಣ ಸಮೀಕರಣಕ್ಕೂ ಒಂದು ವಿಧಾನ ಕೊಟ್ಟರು. ಹಿಂದಿನ ಹೊತ್ತಿಗೂ ಮುಂದಿನ ಹೊತ್ತಿಗೂ ಸರಿಯಾಗಿ ನಡುವೆ ನಿಂತು ಲೆಕ್ಕ ಹಾಕುವುದು. ನೋಡಲು ತುಂಬಾ ಚೆಂದ, ನಿಖರತೆಯೂ ಹೆಚ್ಚು. ಆದರೆ ಹೆಜ್ಜೆ ಎಷ್ಟೇ ಸಣ್ಣದಿರಲಿ, ಆ ವಿಧಾನ ಕೊನೆಗೆ ಸಿಡಿದೇ ಸಿಡಿಯುತ್ತದೆ. ಕೈಯಲ್ಲಿ ಕೆಲವೇ ಹೆಜ್ಜೆ ಲೆಕ್ಕ ಹಾಕಿದಾಗ ಅದು ಕಾಣಲಿಲ್ಲ. ಹೆಜ್ಜೆಯ ಗಾತ್ರಕ್ಕೂ ಲೆಕ್ಕದ ಸ್ಥಿರತೆಗೂ ಇರುವ ನಂಟನ್ನು ಕೂರಾಂಟ್, ಫ್ರೀಡ್ರಿಕ್ಸ್ ಮತ್ತು ಲೆವಿ ಬರೆದದ್ದು 1928ರಲ್ಲಿ.

ಬಿಡುಗಡೆ ಸಿಕ್ಕಿದ್ದು 1947ರಲ್ಲಿ, ಜಾನ್ ಕ್ರ್ಯಾಂಕ್ ಮತ್ತು ಫಿಲಿಸ್ ನಿಕೋಲ್ಸನ್ ಅವರಿಂದ. ಮುಂದಿನ ಹೆಜ್ಜೆಯ ಬಿಸಿಯನ್ನು ಈಗಿನ ಬಿಸಿಯಿಂದ ಮಾತ್ರವಲ್ಲ, ಇನ್ನೂ ಗೊತ್ತಿರದ ಮುಂದಿನ ಬಿಸಿಯಿಂದಲೂ ಅರ್ಧರ್ಧ ತೆಗೆದುಕೊಂಡು ಬರೆಯಬೇಕು. ಆಗ ಎಲ್ಲ ಬಿಂದುಗಳೂ ಒಂದಕ್ಕೊಂದು ಕಟ್ಟಿಕೊಳ್ಳುತ್ತವೆ, ಪ್ರತಿ ಹೆಜ್ಜೆಗೂ ಒಂದು ಸಮೀಕರಣಗಳ ಗುಂಪನ್ನೇ ಬಿಡಿಸಬೇಕಾಗುತ್ತದೆ. ಕೆಲಸ ಜಾಸ್ತಿ. ಆದರೆ ಹೆಜ್ಜೆ ಎಷ್ಟೇ ದೊಡ್ಡದಿದ್ದರೂ ಲೆಕ್ಕ ಸಿಡಿಯುವುದಿಲ್ಲ. ಈ ವಿಧಾನ ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಆದರೆ ಪಠ್ಯದಲ್ಲಿ ಹೇಳದ ಒಂದು ಸಂಗತಿ ಮೂಲ ಪ್ರಬಂಧ ತೆರೆದಾಗ ಸಿಕ್ಕಿತು. ಅವರು ಬಿಡಿಸಲು ಹೊರಟಿದ್ದು ಬರಿಯ ಉಷ್ಣ ಸಮೀಕರಣವಲ್ಲ. ಒಳಗೇ ರಾಸಾಯನಿಕ ಕ್ರಿಯೆ ನಡೆದು ಬಿಸಿ ಹುಟ್ಟುತ್ತಿರುವ, ಆ ಕ್ರಿಯೆಯ ವೇಗ ಅಲ್ಲಲ್ಲಿನ ಬಿಸಿಯ ಮೇಲೆ ನಿಂತಿರುವ ವಸ್ತು. ಸಿಮೆಂಟಿನ ಕತೆಯೂ ಇದೇ ಅಲ್ವಾ! ಬಿಸಿಯಾದಷ್ಟೂ ಸಿಮೆಂಟ್ ಬೇಗ ಪ್ರತಿಕ್ರಿಯಿಸುತ್ತದೆ, ಬೇಗ ಪ್ರತಿಕ್ರಿಯಿಸಿದಷ್ಟೂ ಇನ್ನೂ ಬಿಸಿ. ಅದನ್ನು ಓದಿದ ದಿನ ನನಗಾದ ಸಂತೋಷ ಹೇಳತೀರದು.

ಈಗ ಹೆಜ್ಜೆಯ ಗಾತ್ರ ನಮ್ಮ ಕೈಗೆ ಬಂತು. ಲೆಕ್ಕ ಸಿಡಿಯುತ್ತದೆ ಅನ್ನುವ ಭಯದಿಂದ ಹೆಜ್ಜೆ ಆರಿಸಬೇಕಿಲ್ಲ. ಉತ್ತರ ಎಷ್ಟು ಸರಿಯಾಗಿರಬೇಕು ಅನ್ನುವುದೊಂದೇ ಪ್ರಶ್ನೆ. ಆದರೆ ಎಷ್ಟು ದೊಡ್ಡ ಹೆಜ್ಜೆ? ಇಲ್ಲಿ ಬಹಳ ಜನ ಒಂದು ಸಂಖ್ಯೆ ಆರಿಸಿಬಿಡುತ್ತಾರೆ. "ಒಂದು ಗಂಟೆ ಇಟ್ಟಿದ್ದೀನಿ ಮೇಡಂ" ಅಂತ ನಮ್ಮ ಆಫೀಸಿಗೆ ಹೊಸದಾಗಿ ಬಂದ ಹುಡುಗ ಹುಡುಗಿಯರು ಹೇಳುತ್ತಾರೆ. ಯಾಕೆ ಒಂದು ಗಂಟೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಇರಲು ಸಾಧ್ಯವೂ ಇಲ್ಲ. ಮೊದಲ ದಿನ ಸಿಮೆಂಟ್ ಭರದಿಂದ ಬಿಸಿಯಾಗುವಾಗ ಒಂದು ಗಂಟೆ ದೊಡ್ಡದಾಯಿತು, ಮೂರನೇ ವಾರ ಅದೇ ಒಂದು ಗಂಟೆ ತೀರಾ ಸಣ್ಣದಾಯಿತು. ಯಾವ ಒಂದು ಸಂಖ್ಯೆಯೂ 28 ದಿನಕ್ಕೂ ಸರಿಹೊಂದುವುದಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ: ಹೆಜ್ಜೆಯನ್ನು ಎಂಜಿನಿಯರ್ ಆರಿಸಬಾರದು. ಎಂಜಿನಿಯರ್ ಹೇಳಬೇಕಾದದ್ದು, ಎಷ್ಟು ಡಿಗ್ರಿ ತಪ್ಪಿದರೆ ನನ್ನ ನಿರ್ಧಾರ ಬದಲಾಗುವುದಿಲ್ಲ ಅನ್ನುವುದನ್ನು. ಹೆಜ್ಜೆಯ ಗಾತ್ರವನ್ನು ಲೆಕ್ಕವೇ ಅದರಿಂದ ಹುಡುಕಿಕೊಳ್ಳಬೇಕು. ಹೊಂದಿಕೊಳ್ಳುವ ವಿಧಾನ ಅಂದರೆ ಇದೇ.

ಲೆಕ್ಕಕ್ಕೆ ತನ್ನ ತಪ್ಪು ಹೇಗೆ ಗೊತ್ತಾಗುತ್ತದೆ? ನಿಜ ಉತ್ತರ ಯಾರ ಹತ್ತಿರವೂ ಇಲ್ಲವಲ್ಲ. ಉಪಾಯ ತುಂಬಾ ಜಾಣತನದ್ದು. ಒಂದೇ ಹೆಜ್ಜೆಯನ್ನು ಎರಡು ರೀತಿ ಲೆಕ್ಕ ಹಾಕು. ಉದಾಹರಣೆಗೆ ಒಮ್ಮೆ ಇಡೀ ಹೆಜ್ಜೆ, ಇನ್ನೊಮ್ಮೆ ಎರಡು ಅರ್ಧ ಹೆಜ್ಜೆ. ಎರಡೂ ಉತ್ತರ ಒಂದೇ ಬಂದರೆ ಹೆಜ್ಜೆ ಸಣ್ಣದೇ ಇದೆ, ಮುಂದಿನದನ್ನು ದೊಡ್ಡದು ಮಾಡು. ಉತ್ತರಗಳು ದೂರ ಹೋದರೆ ಆ ಹೆಜ್ಜೆಯನ್ನು ಬಿಸಾಡು, ಸಣ್ಣ ಹೆಜ್ಜೆಯಿಂದ ಮತ್ತೆ ಶುರು ಮಾಡು. ಎಷ್ಟು ಸಣ್ಣದು ಅನ್ನುವುದಕ್ಕೂ ಸೂತ್ರ ಇದೆ. ಸರಳ ವಿಧಾನದಲ್ಲಿ ಒಂದು ಹೆಜ್ಜೆಯ ದೋಷ ಹೆಜ್ಜೆಯ ವರ್ಗದಂತೆ ಬೆಳೆಯುತ್ತದೆ. ಹಾಗಾಗಿ ದೋಷ ನಾವು ಒಪ್ಪಿದ್ದಕ್ಕಿಂತ ನಾಲ್ಕು ಪಟ್ಟಾದರೆ ಹೆಜ್ಜೆಯನ್ನು ಅರ್ಧ ಮಾಡಬೇಕು. ಅದರ ಮೇಲೆ ಸ್ವಲ್ಪ ಎಚ್ಚರಿಕೆಗೆ 0.9ರಿಂದ ಗುಣಿಸುವುದು ವಾಡಿಕೆ. ಒಳ್ಳೆಯ ಸಾಫ್ಟ್‌ವೇರ್‌ಗಳು ಎರಡು ಸಲ ಲೆಕ್ಕ ಹಾಕುವ ಖರ್ಚನ್ನೂ ಉಳಿಸುತ್ತವೆ. ಒಂದೇ ಲೆಕ್ಕದ ನಡುವಿನ ಸಂಖ್ಯೆಗಳಿಂದಲೇ ಹೆಚ್ಚು ನಿಖರದ್ದೊಂದು, ಕಡಿಮೆ ನಿಖರದ್ದೊಂದು ಉತ್ತರ ತೆಗೆದು ಹೋಲಿಸುತ್ತವೆ.

ಆದರೆ ಎಚ್ಚರ. ಹೊಂದಿಕೊಳ್ಳುವ ವಿಧಾನ ಅಂತ ಹೆಸರಿದ್ದರೆ ಸಾಲದು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಸೈಪೈ ಲೈಬ್ರರಿಯಲ್ಲಿ ಸಾಲ್ವ್ ಐವಿಪಿ ಅನ್ನುವ ಫಂಕ್ಷನ್ ಇದೆ. ವಿಧಾನ ಯಾವುದು ಅಂತ ಹೇಳದಿದ್ದರೆ ಅದು ಆರ್‌ಕೆ45 ಅನ್ನುವುದನ್ನು ಬಳಸುತ್ತದೆ. ಅದು ಹೆಜ್ಜೆಯನ್ನು ತಾನೇ ಆರಿಸುವ ವಿಧಾನವೇ. ಆದರೆ ಮುಂದಿನ ಬಿಸಿಯನ್ನು ನೇರವಾಗಿ ಲೆಕ್ಕ ಹಾಕುವ ಜಾತಿಯದ್ದು. ಉಷ್ಣ ಸಮೀಕರಣಕ್ಕೆ ಕೊಟ್ಟರೆ ಏನಾಗುತ್ತದೆ? ಹೆಜ್ಜೆ ದೊಡ್ಡದು ಮಾಡುತ್ತದೆ, ಗರಗಸದ ಹಲ್ಲು ತಲೆ ಎತ್ತುತ್ತದೆ, ದೋಷ ಜಾಸ್ತಿಯಾಯಿತು ಅಂತ ಹೆಜ್ಜೆ ಕುಗ್ಗಿಸುತ್ತದೆ. ಹಲ್ಲು ಅಡಗುತ್ತದೆ, ಮತ್ತೆ ದೊಡ್ಡದು ಮಾಡುತ್ತದೆ. ಹೀಗೆ ಸ್ಥಿರತೆಯ ಮಿತಿಯ ಮೇಲೇ ಕೊನೆವರೆಗೂ ತೂಗಾಡುತ್ತದೆ. ಒಂದು ಸೆಂಟಿಮೀಟರ್ ತುಂಡಿಗೆ ಆ ಮಿತಿ ಒಂದೂವರೆ ನಿಮಿಷಕ್ಕಿಂತ ಕಡಿಮೆ. ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ಹೊಂದಿಕೊಂಡು ಏನೂ ಉಪಯೋಗವಾಗಲಿಲ್ಲ. ಬಿಡಿಎಫ್ ಅಥವಾ ರಾಡೌ ಅಂತ ಬರೆದುಕೊಡಿ, ಅವು ಗೊತ್ತಿರದ ಮುಂದಿನ ಬಿಸಿಯನ್ನೂ ಸೇರಿಸಿ ಬಿಡಿಸುವ ಜಾತಿಯವು. ಒಂದೇ ಪದದ ವ್ಯತ್ಯಾಸ. ಹೀಗೆ ಬೇಗ ಸಾಯುವ ಮತ್ತು ನಿಧಾನ ಸಾಗುವ ಘಟನೆಗಳು ಒಟ್ಟಿಗೆ ಇರುವ ಸಮೀಕರಣಗಳಿಗೆ ಸ್ಟಿಫ್ ಅನ್ನುತ್ತಾರೆ. ಕರ್ಟಿಸ್ ಮತ್ತು ಹಿರ್ಷ್‌ಫೆಲ್ಡರ್ 1952ರಲ್ಲೇ ಇವುಗಳ ಬಗ್ಗೆ ಬರೆದಿದ್ದರು.

ಈಗ ಶಟರಿಂಗ್ ಬಿಚ್ಚುವ ಕ್ಷಣಕ್ಕೆ ಬರುತ್ತೇನೆ. ಇಡೀ ಲೆಕ್ಕದ ಜೀವ ಇರುವುದು ಅಲ್ಲಿ.

ಪ್ಲೈವುಡ್ ಮೇಲೆ ಥರ್ಮೊಕೋಲ್ ಸುತ್ತಿ ಪಿಯರನ್ನು ಬೆಚ್ಚಗೆ ಇಟ್ಟಿದ್ದೇವೆ ಅನ್ನಿ. ನಡುಭಾಗ 64 ಡಿಗ್ರಿ, ಮೈ 56. ವ್ಯತ್ಯಾಸ ಬರೀ 8, ಎಲ್ಲರೂ ನಿಶ್ಚಿಂತೆ. ಸಂಜೆ ಹೊತ್ತಿಗೆ ಶಟರಿಂಗ್ ಬಿಚ್ಚಿದರು. ಹೊರಗೆ 24 ಡಿಗ್ರಿ, ಹದವಾದ ಗಾಳಿ. ಮೊದಲ ಒಂದು ಗಂಟೆಯಲ್ಲೇ ಮೈ ಸುಮಾರು 8 ಡಿಗ್ರಿ ಇಳಿಯುತ್ತದೆ. ಆರು ಗಂಟೆ ಹೊತ್ತಿಗೆ 15 ಡಿಗ್ರಿಯಷ್ಟು. ನಡುಭಾಗಕ್ಕೆ ಇದರ ಸುದ್ದಿಯೇ ಇಲ್ಲ, ಅದು 64ರ ಹತ್ತಿರವೇ ಇದೆ. ವ್ಯತ್ಯಾಸ 8ರಿಂದ 16ಕ್ಕೆ, ಅಲ್ಲಿಂದ 23ಕ್ಕೆ. ಎಲ್ಲರೂ ಮಲಗಿದ್ದಾಗ ಮಿತಿ ದಾಟಿತು. ಬೆಳಗ್ಗೆ ಬಂದು ನೋಡಿದರೆ ಕೂದಲೆಳೆಯ ಬಿರುಕು.

ಒಂದು ಗಂಟೆಯ ಸಮ ಹೆಜ್ಜೆ ಇಟ್ಟವರು ಈ ಇಳಿತದ ಅತಿ ಕಡಿದಾದ ಭಾಗವನ್ನು ಒಂದೇ ನೆಗೆತದಲ್ಲಿ ದಾಟಿಬಿಡುತ್ತಾರೆ. ಹೆಜ್ಜೆ ತಾನೇ ಆರಿಸುವ ಲೆಕ್ಕ ಇಲ್ಲಿ ಏನು ಮಾಡುತ್ತದೆ ಅಂತ ನೋಡುವುದೇ ಒಂದು ಖುಷಿ. ಬಿಚ್ಚುವ ಮೊದಲು ಗಂಟೆಗಟ್ಟಲೆ ಹೆಜ್ಜೆ ಇಡುತ್ತಿದ್ದದ್ದು, ಬಿಚ್ಚಿದ ಕೂಡಲೇ ಸೆಕೆಂಡುಗಳಿಗೆ ಇಳಿಯುತ್ತದೆ. ಆಮೇಲೆ ಪ್ರತಿ ಹೆಜ್ಜೆಗೂ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತಾ, ಸಿಕ್ಕ ಧೈರ್ಯಕ್ಕೆ ತಕ್ಕಂತೆ ಮತ್ತೆ ಗಂಟೆಗಳಿಗೆ ಏರುತ್ತದೆ. ಹೆಜ್ಜೆಯ ಗಾತ್ರದ ಗ್ರಾಫನ್ನು ನಾನು ಬಿಸಿಯ ಗ್ರಾಫಿನ ಕೆಳಗೇ ಹಾಕಿಟ್ಟುಕೊಳ್ಳುತ್ತೇನೆ. ಅದರಲ್ಲಿ ಎಲ್ಲಿ ಗುಂಡಿ ಇದೆಯೋ ಅಲ್ಲಿ ಕಾಂಕ್ರೀಟಿಗೆ ಏನೋ ಆಗಿದೆ. ಬಿಸಿ ಅಳೆಯುವ ಥರ್ಮೋಕಪಲ್ ಎಲ್ಲೆಲ್ಲಿ ಇಡಬೇಕು, ಯಾವ ಹೊತ್ತಿನಲ್ಲಿ ರೀಡಿಂಗ್ ತಪ್ಪಬಾರದು ಅಂತ ಸೈಟಿಗೆ ಹೇಳಲು ಆ ಗುಂಡಿಗಳೇ ನನಗೆ ಆಧಾರ.

ಒಂದು ಸೂಕ್ಷ್ಮ ಇದೆ. ಬಿಚ್ಚುವ ಕ್ಷಣವನ್ನು ಲೆಕ್ಕ ತಾನಾಗಿ ಹುಡುಕಲಿ ಅಂತ ಬಿಡಬಾರದು. ಅಲ್ಲಿಗೆ ಸರಿಯಾಗಿ ಲೆಕ್ಕವನ್ನು ನಿಲ್ಲಿಸಿ, ಗಡಿಯ ನಿಯಮ, ಅಂದರೆ ಮೈಯಿಂದ ಬಿಸಿ ಹೇಗೆ ಹೊರಗೆ ಹೋಗುತ್ತದೆ ಅನ್ನುವುದನ್ನು, ಬದಲಿಸಿ, ಹೊಸದಾಗಿ ಶುರು ಮಾಡಬೇಕು. ದೊಡ್ಡ ಹೆಜ್ಜೆಯ ನಡುವೆ ಘಟನೆ ಸಿಕ್ಕಿಕೊಂಡರೆ ದೋಷದ ಅಂದಾಜೇ ಕೆಡುತ್ತದೆ. ಇನ್ನೊಂದು, ಈ ಜಾಗದಲ್ಲಿ ಕ್ರ್ಯಾಂಕ್-ನಿಕೋಲ್ಸನ್ ಸ್ವಲ್ಪ ಕಾಟ ಕೊಡುತ್ತದೆ. ಅದು ಸಿಡಿಯುವುದಿಲ್ಲ ನಿಜ. ಆದರೆ ಗಡಿಯಲ್ಲಿ ಹಠಾತ್ ಬದಲಾವಣೆ ಆದರೆ, ಹೆಜ್ಜೆ ದೊಡ್ಡದಿದ್ದರೆ, ಮೈ ಹತ್ತಿರದ ಬಿಸಿ ಒಮ್ಮೆ ಮೇಲೆ ಒಮ್ಮೆ ಕೆಳಗೆ ಅಂತ ಬಹಳ ಹೊತ್ತು ಕುಣಿಯುತ್ತದೆ. ನಮಗೆ ಬೇಕಾದ ಸಂಖ್ಯೆ ಇರುವುದೇ ಆ ಮೈಯಲ್ಲಿ! ಅದಕ್ಕೆ ಮೊದಲ ಕೆಲವು ಹೆಜ್ಜೆಗಳನ್ನು ಪೂರ್ತಿ ಮುಂದಿನ ಬಿಸಿಯಿಂದಲೇ ಬರೆಯುವ ಹಿಂದುಮುಖ ಆಯ್ಲರ್ ವಿಧಾನದಿಂದ ಇಡುವುದು ಒಂದು ದಾರಿ. ನಾನು ಬಳಸುವುದು ಟಿಆರ್-ಬಿಡಿಎಫ್2. ಅದು 1985ರಲ್ಲಿ ಅರೆವಾಹಕ ಸಾಧನಗಳ ಲೆಕ್ಕಕ್ಕೆ ಹುಟ್ಟಿದ್ದು. ಹೆಜ್ಜೆಯ ಮೊದಲ ಭಾಗ ಕ್ರ್ಯಾಂಕ್-ನಿಕೋಲ್ಸನ್ ರೀತಿ, ಉಳಿದದ್ದು ಕುಣಿತವನ್ನು ಅಡಗಿಸುವ ರೀತಿ. ದೋಷದ ಅಂದಾಜೂ ಅದರಲ್ಲೇ ಸಿಗುತ್ತದೆ.

ಕಾಲದ ಹೆಜ್ಜೆ ಒಂದೇ ಸರಿಪಡಿಸಿದರೆ ಅರ್ಧ ಕೆಲಸ. ಬಿಚ್ಚಿದ ಒಂದು ನಿಮಿಷಕ್ಕೆ ಬದಲಾವಣೆ ಎಷ್ಟು ಒಳಗೆ ಹೋಗಿರುತ್ತದೆ ಅಂತ ಮೇಲೆ ನೋಡಿದೆವು: 8 ಮಿ.ಮೀ. ನಿಮ್ಮ ತುಂಡು 10 ಸೆಂಟಿಮೀಟರ್ ಇದ್ದರೆ ಆ 8 ಮಿ.ಮೀ. ಅದಕ್ಕೆ ಕಾಣುವುದೇ ಇಲ್ಲ. ಕಾಲದಲ್ಲಿ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ. ಹಾಗಾಗಿ ತುಂಡುಗಳೂ ಮೈ ಹತ್ತಿರ ಸಣ್ಣ, ಒಳಗೆ ದೊಡ್ಡ ಇರಬೇಕು. ಬಿಸಿಯ ಇಳಿಜಾರು ಒಂದು ತುಂಡಿನಿಂದ ಪಕ್ಕದ ತುಂಡಿಗೆ ಹೋಗುವಾಗ ಎಲ್ಲಿ ಜಾಸ್ತಿ ಮುರಿಯುತ್ತದೆಯೋ ಅಲ್ಲಿ ತುಂಡನ್ನು ಒಡೆ, ಎಲ್ಲಿ ಮುರಿತವೇ ಇಲ್ಲವೋ ಅಲ್ಲಿ ಕೂಡಿಸು. ಲೆಕ್ಕ ಮುಗಿದ ಮೇಲೆ ಅದರಿಂದಲೇ ದೋಷವನ್ನು ಅಂದಾಜು ಮಾಡುವ ಈ ಯೋಚನೆಗೆ ಗಟ್ಟಿ ಬುನಾದಿ ಹಾಕಿದವರು ಬಾಬುಷ್ಕಾ ಮತ್ತು ರೈನ್‌ಬೋಲ್ಟ್, 1978ರಲ್ಲಿ.

ಆದರೆ ತುಂಡುಗಳನ್ನು ಪ್ರತಿ ಹೆಜ್ಜೆಗೂ ಸುಮ್ನೆ ಬದಲಿಸುತ್ತಾ ಹೋಗಬಾರದು. ಟಾಡ್ ಡುಪಾಂಟ್ 1982ರಲ್ಲಿ ಒಂದು ಉದಾಹರಣೆ ಕೊಟ್ಟರು. ಮೆಶ್ ಅನ್ನು, ಅಂದರೆ ಈ ತುಂಡುಗಳ ಜೋಡಣೆಯನ್ನು, ಅತಿ ಪದೇ ಪದೇ ಬದಲಿಸಿದರೆ, ಹೆಜ್ಜೆಯನ್ನೂ ತುಂಡನ್ನೂ ಸಣ್ಣದು ಮಾಡುತ್ತಾ ಹೋದರೂ ಉತ್ತರ ನಿಜದ ಕಡೆಗೆ ಬರದೆ ಹೋಗಬಹುದು. ಕಾರಣ, ಒಂದು ಮೆಶ್‌ನಿಂದ ಇನ್ನೊಂದಕ್ಕೆ ಬಿಸಿಯನ್ನು ದಾಟಿಸುವಾಗ ಸ್ವಲ್ಪ ಸೋರುತ್ತದೆ. ಸೋರಿಕೆ ಒಂದೊಂದು ಸಲ ಸಣ್ಣದು, ಆದರೆ ಸಾವಿರಾರು ಸಲ ದಾಟಿಸಿದರೆ ಅದೇ ದೊಡ್ಡ ದೋಷ. ನನ್ನ ನಿಯಮ ಸರಳ. ಒಡೆಯುವುದಕ್ಕೆ ಧಾರಾಳ, ಕೂಡಿಸುವುದಕ್ಕೆ ಜಿಪುಣತನ. ಕೂಡಿಸಿದಾಗ ಒಟ್ಟು ಉಷ್ಣ ಎಷ್ಟಿತ್ತೋ ಅಷ್ಟೇ ಉಳಿಯಿತಾ ಅಂತ ಪ್ರತಿ ಸಲವೂ ನೋಡುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ ಉಷ್ಣ ಸಮೀಕರಣದ ಒಂದು ಒಳ್ಳೆಯ ಗುಣವನ್ನೂ ಹೇಳಬೇಕು. ಅದು ತಪ್ಪನ್ನು ಮರೆಯುತ್ತದೆ. ಎರಡನೇ ದಿನ ಲೆಕ್ಕದಲ್ಲಿ ಎಲ್ಲೋ ಅರ್ಧ ಡಿಗ್ರಿಯ ಏರುಪೇರು ಬಂತು ಅನ್ನಿ. ಅದು ಚಿಕ್ಕ ಜಾಗದಲ್ಲಿ ಇದ್ದರೆ ಕೆಲವೇ ಗಂಟೆಗಳಲ್ಲಿ ಅಕ್ಕಪಕ್ಕ ಹರಡಿ ಅಳಿಸಿಹೋಗುತ್ತದೆ. ಹವಾಮಾನದ ಲೆಕ್ಕದಲ್ಲಿ ಹಾಗಲ್ಲ, ಅಲ್ಲಿ ಇವತ್ತಿನ ಸಣ್ಣ ತಪ್ಪು ಮುಂದಿನ ವಾರ ದೊಡ್ಡದಾಗಿ ನಿಲ್ಲುತ್ತದೆ. ಪ್ಯಾರಾಬಾಲಿಕ್ ಸಮೀಕರಣಗಳಲ್ಲಿ ಪ್ರತಿ ಹೆಜ್ಜೆಯ ದೋಷವನ್ನು ಹತೋಟಿಯಲ್ಲಿಟ್ಟರೆ ಕೊನೆಯ ದೋಷವೂ ಹತೋಟಿಯಲ್ಲಿ ಇರುತ್ತದೆ, ಹೆಜ್ಜೆಗಳು ಎಷ್ಟೇ ಇದ್ದರೂ ದೋಷ ಹೆಚ್ಚು ಗುಡ್ಡೆಯಾಗುವುದಿಲ್ಲ. ಎರಿಕ್‌ಸನ್ ಮತ್ತು ಜಾನ್ಸನ್ 1991ರಿಂದ ಬರೆದ ಪ್ರಬಂಧಗಳ ಸರಣಿಯಲ್ಲಿ ಇದನ್ನು ಗಟ್ಟಿಯಾಗಿ ತೋರಿಸಿದರು. ಹೊಂದಿಕೊಳ್ಳುವ ವಿಧಾನಗಳು ಈ ಸಮೀಕರಣಗಳಿಗೆ ಇಷ್ಟು ಚೆನ್ನಾಗಿ ಒಗ್ಗುವುದಕ್ಕೆ ಇದೇ ಕಾರಣ ಅಂತ ನನ್ನ ನಂಬಿಕೆ. ಇದೇ ಮರೆವಿಗೆ ಇನ್ನೊಂದು ಮುಖವೂ ಇದೆ. ಹತ್ತನೇ ದಿನದ ರೀಡಿಂಗ್ ಕೊಟ್ಟು "ಸುರಿಯುವಾಗ ಕಾಂಕ್ರೀಟ್ ಎಲ್ಲೆಲ್ಲಿ ಎಷ್ಟು ಬಿಸಿ ಇತ್ತು, ಹಿಂದಕ್ಕೆ ಲೆಕ್ಕ ಹಾಕಿ ಹೇಳಿ ಮೇಡಂ" ಅಂದರೆ ಆಗುವುದಿಲ್ಲ. ಆ ಮಾಹಿತಿ ಕಾಂಕ್ರೀಟಿನಲ್ಲೇ ಅಳಿಸಿಹೋಗಿದೆ.

ದೊಡ್ಡ ಅಳತೆಯಲ್ಲಿ ಇದೆಲ್ಲ ಹೇಗೆ ಕಾಣುತ್ತದೆ ಅಂದರೆ ನನಗೆ ಅಮೆರಿಕದ ಹೂವರ್ ಅಣೆಕಟ್ಟು ನೆನಪಾಗುತ್ತದೆ. ಬುಡದಲ್ಲಿ 660 ಅಡಿ, ಅಂದರೆ ಸುಮಾರು 200 ಮೀಟರ್ ದಪ್ಪ. ಅದನ್ನು ಒಂದೇ ಸಲಕ್ಕೆ ಸುರಿದಿದ್ದರೆ ಆರಲು 125 ವರ್ಷ ಬೇಕಾಗುತ್ತಿತ್ತು ಅಂತ ಅಲ್ಲಿನ ಎಂಜಿನಿಯರುಗಳು ಲೆಕ್ಕ ಹಾಕಿದ್ದರು. ನಮ್ಮ ವರ್ಗಮೂಲದ ಸೂತ್ರವನ್ನು ಇದಕ್ಕೂ ಹಚ್ಚಿ ನೋಡಿ. ಅರ್ಧ ದಪ್ಪ 100 ಮೀಟರ್, ಅಂದರೆ ಒಂದು ಲಕ್ಷ ಮಿಲಿಮೀಟರ್. ಅದರ ವರ್ಗ ಸಾವಿರ ಕೋಟಿ ಸೆಕೆಂಡ್, ಅಂದರೆ 317 ವರ್ಷ. ಎರಡೂ ಕಡೆ ಆರುವ ಗೋಡೆಗೆ ಇದನ್ನು ಸುಮಾರು 0.4ರಿಂದ ಗುಣಿಸಬೇಕು. ಒಳಗಿನ ಬಿಸಿ ಮೂರರಲ್ಲಿ ಒಂದು ಭಾಗದ ಹತ್ತಿರಕ್ಕೆ ಇಳಿಯಲು 128 ವರ್ಷ ಅಂತ ಬರುತ್ತದೆ. ಒಂದು ಚೀಟಿಯ ಹಿಂದೆ ಮಾಡಬಹುದಾದ ಲೆಕ್ಕ ಅವರ ಸಂಖ್ಯೆಗೆ ಇಷ್ಟು ಹತ್ತಿರ ಬಂದಾಗ ಮೈ ಜುಮ್ ಅಂದಿತು.

ಅವರು ಮಾಡಿದ್ದೇನು? 1933ರ ಜೂನ್‌ನಲ್ಲಿ ಸುರಿಯಲು ಶುರು ಮಾಡಿದಾಗ ಅಣೆಕಟ್ಟನ್ನು ಬ್ಲಾಕುಗಳಾಗಿ ಒಡೆದರು, ದೊಡ್ಡವು 60 ಅಡಿ ಚೌಕ, ಒಂದು ಸಲಕ್ಕೆ ಐದಡಿ ಎತ್ತರ. ಒಳಗೆ ಒಂದಿಂಚಿನ ಸ್ಟೀಲ್ ಪೈಪ್ ಹಾಸಿದರು, ಒಟ್ಟು 582 ಮೈಲಿ. ಮೊದಲು ನದಿ ನೀರು, ಆಮೇಲೆ ಯಂತ್ರದಲ್ಲಿ ತಣ್ಣಗೆ ಮಾಡಿದ ನೀರು ಹರಿಸಿದರು. ಆರಿದ ಮೇಲೆ ಪೈಪುಗಳಿಗೆ ಗ್ರೌಟ್, ಅಂದರೆ ತೆಳ್ಳಗಿನ ಸಿಮೆಂಟ್ ಗಾರೆ, ತುಂಬಿದರು. ದಪ್ಪ ಅರ್ಧವಾದರೆ ಆರುವ ಕಾಲ ನಾಲ್ಕರಲ್ಲಿ ಒಂದು ಭಾಗ, ಆ ವರ್ಗದ ನಿಯಮವನ್ನೇ ಅವರು ತಮ್ಮ ಪರವಾಗಿ ತಿರುಗಿಸಿಕೊಂಡರು.

ಇಂದು ಅಂಥ ಒಂದು ಬ್ಲಾಕನ್ನು ಲೆಕ್ಕ ಹಾಕಬೇಕು ಅನ್ನಿ. ಪೈಪ್ ಎರಡೂವರೆ ಸೆಂಟಿಮೀಟರ್, ಬ್ಲಾಕ್ 18 ಮೀಟರ್. ಪೈಪಿನ ಸುತ್ತ ಬಿಸಿ ಕಡಿದಾಗಿ ಇಳಿಯುತ್ತದೆ, ಅಲ್ಲಿ 5 ಮಿಲಿಮೀಟರಿನ ತುಂಡಾದರೂ ಬೇಕು. ಎಲ್ಲ ಕಡೆಯೂ ಅದೇ ಅಳತೆ ಇಟ್ಟರೆ 390 ಕೋಟಿ ಬಿಂದುಗಳು. ಅದೂ ನೇರ ಲೆಕ್ಕದಲ್ಲಿ ನಾಲ್ಕು ಸೆಕೆಂಡಿನ ಹೆಜ್ಜೆ, ಯಾಕೆಂದರೆ ಬಿಸಿ ಮೂರು ದಿಕ್ಕಿಗೂ ಹರಿಯುವಾಗ ಹೆಜ್ಜೆಯ ಮಿತಿ ಮೇಲೆ ಹೇಳಿದ್ದರ ಮೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಪೈಪಿನ ಹತ್ತಿರ ಮಾತ್ರ ಸಣ್ಣ, ದೂರದಲ್ಲಿ ದೊಡ್ಡ ತುಂಡು ಇಟ್ಟು, ನೀರು ಬಿಟ್ಟ ಹೊತ್ತಿಗೆ ಮಾತ್ರ ಸಣ್ಣ ಹೆಜ್ಜೆ ಇಟ್ಟರೆ ಅದೇ ಕೆಲಸ ಮೇಜಿನ ಮೇಲಿನ ಕಂಪ್ಯೂಟರಿಗೆ ಇಳಿಯುತ್ತದೆ. ಇಲ್ಲಿ ಹೊಂದಿಕೊಳ್ಳುವುದು ಬರಿಯ ಅನುಕೂಲವಲ್ಲ, ಅದಿಲ್ಲದೆ ಲೆಕ್ಕವೇ ಆಗುವುದಿಲ್ಲ.

ಮಾಡಿ ನೋಡುವವರಿಗೆ ಟಾಲರೆನ್ಸ್, ಅಂದರೆ ಪ್ರತಿ ಹೆಜ್ಜೆಗೆ ನಾವು ಒಪ್ಪುವ ದೋಷದ ಮಿತಿ, ಅದರ ಬಗ್ಗೆ ಎರಡು ಮಾತು. ಒಪ್ಪುವ ದೋಷವನ್ನು ಸಾವಿರದಲ್ಲೊಂದು, ಲಕ್ಷದಲ್ಲೊಂದು ಅಂತ ಇಡುವವರಿದ್ದಾರೆ. ನಮ್ಮ ಟೈಪ್ ಕೆ ಥರ್ಮೋಕಪಲ್ ತಾನೇ 2.2 ಡಿಗ್ರಿ ಆಚೀಚೆ ತೋರಿಸಬಹುದು. ಸಿಮೆಂಟಿನ ಒಟ್ಟು ಬಿಸಿ ಎಷ್ಟು ಅನ್ನುವುದೂ ಅಂದಾಜೇ. ಹೆಜ್ಜೆಗೆ 0.05 ಡಿಗ್ರಿ ಇಟ್ಟರೆ ನನಗೆ ಸಾಕಾಗುತ್ತದೆ. ಅದನ್ನು ನೇರವಾಗಿ ಡಿಗ್ರಿಯಲ್ಲೇ ಕೊಡಿ. ಸೈಪೈ ತಾನಾಗಿ ಇಟ್ಟುಕೊಳ್ಳುವ ಟಾಲರೆನ್ಸ್ ಸಾವಿರದಲ್ಲೊಂದು ಭಾಗ, ಅದು ಬಿಸಿಯ ಸಂಖ್ಯೆಗೆ ಅನುಪಾತದಲ್ಲಿ ಇರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಅಂತ ಕೊಟ್ಟರೆ 0.03 ಡಿಗ್ರಿ ದೋಷ ಒಪ್ಪುತ್ತದೆ. ಅದನ್ನೇ 303 ಕೆಲ್ವಿನ್ ಅಂತ ಕೊಟ್ಟರೆ 0.3 ಡಿಗ್ರಿ ಒಪ್ಪುತ್ತದೆ. ಕಾಂಕ್ರೀಟ್ ಅದೇ, ಹೆಜ್ಜೆಗಳು ಬೇರೆ! ಕೊನೆಯದಾಗಿ, ವರದಿ ಕಳಿಸುವ ಮೊದಲು ಟಾಲರೆನ್ಸ್ ಹತ್ತರಲ್ಲೊಂದು ಭಾಗ ಮಾಡಿ ಮತ್ತೊಮ್ಮೆ ಓಡಿಸಿ. ಮೈ ಹತ್ತಿರದ ತುಂಡುಗಳನ್ನು ಅರ್ಧ ಮಾಡಿ ಇನ್ನೊಮ್ಮೆ ಓಡಿಸಿ. ಮೂರೂ ಸಲ ಒಳಗಿನ ಮತ್ತು ಹೊರಗಿನ ವ್ಯತ್ಯಾಸ ಅರ್ಧ ಡಿಗ್ರಿಯೊಳಗೆ ಹೊಂದಿದರೆ ಆ ಸಂಖ್ಯೆಯನ್ನು ಸೈಟಿಗೆ ಹೇಳಬಹುದು.